ಜೀಕು ನಿಂತ ಶ್ರಾವಣ

ಶ್ರಾವಣ ಹತ್ತಿರ ಬಂತೆಂದರೆ ನಮ್ಮ ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಮೊದಲು ಹೊರಬರುತ್ತಿದ್ದದ್ದು ಹಗ್ಗ. ಅಟ್ಟದ ಮೇಲೆ ಸುತ್ತಿಟ್ಟ ಪುಂಡಿನಾರಿನ ಹಗ್ಗವನ್ನು ಮುತ್ಯಾ ಕೆಳಗಿಳಿಸಿ, ಅಂಗಳದ ತುಂಬ ಹರವಿ, ಗೇಣುಗೇಣಿಗೂ ಬೆರಳಾಡಿಸಿ ನೋಡುತ್ತಿದ್ದರು. ಎಳೆ ಸಡಿಲಿದ್ದರೆ ಅಷ್ಟನ್ನೂ ಬಿಚ್ಚಿ ಮತ್ತೆ ಹೊಸೆಯುವುದು. ಊರ ಮುಂದಿನ ಬೇವಿನ ಮರದಲ್ಲಿ ಈ ಸಲ ಯಾವ ಕೊಂಬೆ ಭಾರ ತಡೆದೀತು ಎಂಬ ಮಾತು ಪಂಚಮಿಗೆ ಮೊದಲೇ ಕಟ್ಟೆಯ ಮೇಲೆ ನಡೆದಿರುತ್ತಿತ್ತು. ಹಗ್ಗ ಉಜ್ಜುವ ಕಡೆ ಗೋಣಿತಟ್ಟು ಸುತ್ತಿ, ಇಬ್ಬರು ಗಟ್ಟಿ ಹುಡುಗರು ಜೋತುಬಿದ್ದು ನೋಡಿದ ಮೇಲೆಯೇ ಜೋಕಾಲಿ ಊರಿನದಾಗುತ್ತಿತ್ತು.

ನಾಗರ ಪಂಚಮಿ ಎಂದರೆ ನಮಗೆ ಹುತ್ತಕ್ಕೆ ಹಾಲೆರೆಯುವುದಷ್ಟೇ ಆಗಿರಲಿಲ್ಲ. ಹಿಂದಿನ ದಿನವೇ ರೊಟ್ಟಿ ಪಂಚಮಿ. ಮನೆಯಿಂದ ಮನೆಗೆ ರೊಟ್ಟಿ, ಪಲ್ಯ, ಚಟ್ನಿ ಓಡಾಡುತ್ತಿದ್ದವು. ಹಬ್ಬದ ದಿನ ಒಲೆಯ ಮೇಲೆ ಹಂಚು ಇಡುವಂತಿಲ್ಲ, ನೆಲ ಅಗೆಯುವಂತಿಲ್ಲ. ದುಡಿಯುವ ಕೈಗಳಿಗೆಲ್ಲ ಒಟ್ಟಿಗೇ ಬಿಡುವು. ಗಂಡಸರು ಗುಂಡು ಎತ್ತುತ್ತಿದ್ದರು. ಇಲ್ಲಿಂದ ಹಣಮಪ್ಪನ ಗುಡಿಯವರೆಗೆ ಎಷ್ಟು ಒಗೆತಕ್ಕೆ ಲಿಂಬಿಹಣ್ಣು ಮುಟ್ಟುತ್ತದೆ ಎಂದು ಪಂಥ ಕಟ್ಟಿ, ಹಸಿ ದಾರಿಯಲ್ಲಿ ಅದರ ಹಿಂದೆಯೇ ಓಡುತ್ತಿದ್ದರು. ಶೇಂಗಾ ಉಂಡಿ, ಎಳ್ಳುಂಡಿ ಕಿಸೆಗೆ ತುರುಕಿಕೊಂಡು ನಾವು ಹುಡುಗರು ಅವರ ಹಿಂದೆ.

ಆದರೆ ಹಬ್ಬದ ಜೀವ ಇದ್ದದ್ದು ಜೋಕಾಲಿಯಲ್ಲಿ, ಮತ್ತು ಜೋಕಾಲಿ ಇದ್ದದ್ದು ತವರಿಗೆ ಬಂದ ಹೆಣ್ಣುಮಕ್ಕಳಿಗೆ. ನಮ್ಮ ಅತ್ತಿ ಎರಡು ಮಕ್ಕಳ ತಾಯಿ. ವರ್ಷವಿಡೀ ಕಳೆ ಕೀಳಲು ಬಾಗಿದ ಬೆನ್ನು, ನೀರಿನ ಕೊಡ ಹೊತ್ತ ನಡು. ಅವರು ಸೀರೆಯ ಕಚ್ಚೆ ಬಿಗಿದು, ಗೆಳತಿಯ ಎದುರು ಹಲಗೆಯ ಮೇಲೆ ನಿಂತರೆಂದರೆ ಬೇರೆಯದೇ ಹೆಂಗಸು. ಜೋಕಾಲಿ ತುದಿಗೇರಿದಾಗ ಮೊಣಕಾಲು ಮಡಿಸಿ ಕುಕ್ಕರಿಸುವುದು, ಕೆಳಗಿಳಿದು ತಳ ಮುಟ್ಟುವ ಹೊತ್ತಿಗೆ ಸರಿಯಾಗಿ ಎದ್ದು ನಿಲ್ಲುವುದು: ಜೀಕಿನ ಗುಟ್ಟೆಲ್ಲ ಆ ಹೊತ್ತು ಹಿಡಿಯುವುದರಲ್ಲಿದೆ. ಹಾಗೆ ಎದ್ದಷ್ಟೂ ಜೋಕಾಲಿ ಮೇಲೇರುತ್ತದೆ. “ಇನ್ನೊಂಚೂರು ಜೋರಂಗ ಜೀಕ್ರವಾ!” ಎಂದು ಕೆಳಗಿನಿಂದ ಕೂಗು. ಅತ್ತಿ ಬೇವಿನ ಎಲೆಯನ್ನು ಬಾಯಲ್ಲಿ ಕಚ್ಚಿಕೊಂಡು ಬರುತ್ತಿದ್ದರು.

ಆಗ ಅದನ್ನು ವ್ಯಾಯಾಮವೆಂದು ಯಾರೂ ಕರೆಯಲಿಲ್ಲ. ಈಗ ಯೋಚಿಸಿದರೆ ತೊಡೆ, ಹೊಟ್ಟೆ, ಭುಜ, ಹಗ್ಗ ಹಿಡಿದ ಮುಂಗೈ, ಒಂದೂ ಸುಮ್ಮನಿರುತ್ತಿರಲಿಲ್ಲ. ಮೈಯ ಸಮತೋಲ ಕಾಯುವ ಒಳಕಿವಿಗೂ ಅದು ದೊಡ್ಡ ಕೆಲಸವೇ. ಬಾಗಿ ಬಾಗಿ ಮುದುಡಿದ ಎದೆ ಅಂದು ಗಾಳಿಗೆ ತೆರೆದುಕೊಳ್ಳುತ್ತಿತ್ತು. ವಾರಕ್ಕೆ 150 ನಿಮಿಷವಾದರೂ ಮೈ ದಣಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಇಂದು ದೊಡ್ಡವರಿಗೆ ಹೇಳುತ್ತದೆ. ನಾವು ಕೈಗೆ ಗಡಿಯಾರ ಕಟ್ಟಿಕೊಂಡು ಹೆಜ್ಜೆ ಎಣಿಸುತ್ತೇವೆ. ಅಷ್ಟು ಎಣಿಸಿಯೂ ಅತ್ತಿಯ ಆ ನಗು ಯಾರ ಮುಖದಲ್ಲೂ ಕಾಣುವುದಿಲ್ಲ.

ರಸ್ತೆ ಅಗಲವಾಯಿತು, ಬೇವು ಹೋಯಿತು. ರಸ್ತೆ ಬೇಡವೆಂದು ಹೇಗೆ ಹೇಳಲಿ? ಅದೇ ರಸ್ತೆಯಲ್ಲಿ ಬಸುರಿಯರು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರುತ್ತಿದ್ದಾರೆ. ಕಳೆನಾಶಕ ಬಂದು ಬೆನ್ನಿಗೆ ಬಿಡುವಾಯಿತು, ನಳ ಬಂದು ನಡುವಿಗೆ ಬಿಡುವಾಯಿತು. ಆದರೆ ಅಣ್ಣ ಹೋಗಿ ತಂಗಿಯನ್ನು ತವರಿಗೆ ಕರೆತರುವ ಬದಲು ಫೋನಿನಲ್ಲೇ ಹಬ್ಬದ ಶುಭಾಶಯ ಮುಗಿಯುತ್ತದೆ. ಉಂಡಿ ಅಂಗಡಿಯ ಡಬ್ಬಿಯಲ್ಲಿ ಬರುತ್ತದೆ. ಉದ್ಯಾನದಲ್ಲಿ ಕಬ್ಬಿಣದ ಜೋಕಾಲಿ ಇದೆ, ಮಕ್ಕಳಿಗೆ ಮಾತ್ರ. ಶಿಗ್ಗಾವಿ ಬಳಿ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ನಲ್ಲಿ ಹಳೆಯ ಹಳ್ಳಿ ಬದುಕೆಲ್ಲ ಆಳೆತ್ತರದ ಶಿಲ್ಪವಾಗಿ ನಿಂತಿದೆ. ಮಾಡಿದವರ ಕೈಗೆ ನಾನು ಋಣಿ. ಆದರೂ ಬದುಕಿದ್ದ ಊರನ್ನು ಟಿಕೆಟ್ಟು ಕೊಂಡು ನೋಡುವಾಗ ಗಂಟಲು ಕಟ್ಟುತ್ತದೆ.

ಹೀಗೆ ಶಿಲ್ಪವಾಗದೆ ಆಟವಾಗಿಯೇ ಉಳಿದ ಜೋಕಾಲಿಯೂ ಇದೆ. ಚೀನಾದಲ್ಲೂ ವಸಂತದ ಛಿಂಗ್‌ಮಿಂಗ್ ಹಬ್ಬಕ್ಕೆ ಜೋಕಾಲಿಯಾಡುವ ಹಳೆಯ ರೂಢಿಯುಂಟು. ಅಲ್ಲಿನ ಅಲ್ಪಸಂಖ್ಯಾತ ಜನಾಂಗಗಳ ಸಾಂಪ್ರದಾಯಿಕ ಕ್ರೀಡಾಕೂಟ 1953ರಲ್ಲಿ ತಿಯಾನ್‌ಜಿನ್‌ನಲ್ಲಿ ಶುರುವಾಯಿತು. ಜೋಕಾಲಿ ಅದರಲ್ಲಿ ಪದಕದ ಸ್ಪರ್ಧೆಯಾಗಿದೆ. ಎತ್ತರದಲ್ಲಿ ಕಟ್ಟಿದ ಗಂಟೆಯನ್ನು ಜೀಕಿ ಮುಟ್ಟಬೇಕು. ದೋಣಿ ಓಟದ ಅವರ ಡ್ರ್ಯಾಗನ್ ಬೋಟ್ ಹಬ್ಬ 2009ರಲ್ಲಿ ಯುನೆಸ್ಕೊ ಪಟ್ಟಿಯನ್ನೂ ಸೇರಿತು. ಹಬ್ಬದ ಆಟವನ್ನು ಒಂದು ದೇಶ ಹೀಗೆ ಎತ್ತಿ ಹಿಡಿದದ್ದು ಕಂಡು ಹೊಟ್ಟೆಕಿಚ್ಚಲ್ಲ, ಆಸೆಯಾಗುತ್ತದೆ. ಆದರೆ ಪದಕ ಬಂದಲ್ಲಿ ಆಡುವವರು ಕೆಲವರು, ನೋಡುವವರು ಹಲವರು. ನಮ್ಮ ಬೇವಿನ ಕೆಳಗೆ ನೋಡುವವರೇ ಇರಲಿಲ್ಲ, ಸರದಿ ಕಾಯುವವರಷ್ಟೇ. ಹೊಲ-ಮನೆಯಲ್ಲಿ ದುಡಿಯುವ ಹೆಣ್ಣು ದೊಡ್ಡವಳಾದ ಮೇಲೂ ಊರೆದುರು ಹಾರಬಹುದು, ಚೀರಬಹುದು, ನಗಬಹುದು ಎಂದು ಪಂಚಮಿ ಅಪ್ಪಣೆ ಕೊಡುತ್ತಿತ್ತು. ಆ ಅಪ್ಪಣೆಯನ್ನೇ ನಾವು ಕಳೆದುಕೊಂಡೆವು.

ಊರಿಗೊಂದು ಬೇವು ಉಳಿಸಲು ಪಂಚಾಯ್ತಿಗೆ ದೊಡ್ಡ ಅನುದಾನವೇನೂ ಬೇಕಿಲ್ಲ. ಹಗ್ಗ ಹೊಸೆಯಬಲ್ಲ ಹಿರಿಯರು ಅಲ್ಲಲ್ಲಿ ಇನ್ನೂ ಇದ್ದಾರೆ. ಕೊಂಬೆ ಆರಿಸುವುದನ್ನು ಅವರಿಂದ ಈಗಲೇ ಕಲಿತುಕೊಳ್ಳಬೇಕು. ಈ ಶ್ರಾವಣಕ್ಕೆ ನಿಮ್ಮ ಅಕ್ಕ-ತಂಗಿಯರನ್ನು ಖುದ್ದು ಹೋಗಿ ಕರೆದುಕೊಂಡು ಬನ್ನಿ, ಮೊದಲ ಜೀಕು ಅವರಿಗೇ ಬಿಡಿ.