ನಮ್ಮ ಹುಡುಗಿಯರೂ ನಾಲೆಯ ದಾರಿಯೂ



ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಪರೀಕ್ಷೆಯ ಫಲಿತಾಂಶ, ಕಟ್ಟಡ, ಪಾರಿತೋಷಕ ಮೊದಲಾದವುಗಳನ್ನು ಕುರಿತು ಬರೆಯುವುದು ವಾಡಿಕೆ. ಅವೆಲ್ಲವೂ ವಾರ್ಷಿಕ ವರದಿಯಲ್ಲಿ ಬಂದಿರುವುದರಿಂದ, ಈ ಬಾರಿ ನಾನು ಹುಡುಗಿಯೊಬ್ಬಳು ಮನೆಯ ಬಾಗಿಲಿನಿಂದ ಶಾಲೆಯ ಬಾಗಿಲಿಗೆ ಬರುವ ದಾರಿಯನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದಿರುವೆನು. ಶಾಲೆಯೊಳಗೆ ನಾವು ಎಷ್ಟು ಶ್ರದ್ಧೆಯಿಂದ ಪಾಠ ಹೇಳಿದರೂ, ದಾರಿಯು ಅವಳನ್ನು ತಡೆದರೆ ಆ ಪಾಠವು ಅವಳನ್ನು ಮುಟ್ಟಲಾರದು.

ಈ ವಿಚಾರವು ನನ್ನ ಮನಸ್ಸಿನಲ್ಲಿ ಬಲಗೊಂಡದ್ದು ಸ್ವಿಟ್ಜರ್ಲೆಂಡಿನಲ್ಲಿ ದಾದಿಯಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಪತ್ರದಿಂದ. ಆಲ್ಪ್ಸ್ ಪರ್ವತಗಳ ತಪ್ಪಲಿನಲ್ಲಿ ಬೊಡನ್ ಸರೋವರವೆಂಬುದೊಂದುಂಟು. ಕಾನ್‌ಸ್ಟೆನ್ಸ್ ಸರೋವರವೆಂದೂ ಅದಕ್ಕೆ ಹೆಸರು. ಜರ್ಮನಿ, ಆಸ್ಟ್ರಿಯ, ಸ್ವಿಟ್ಜರ್ಲೆಂಡ್ ಈ ಮೂರು ದೇಶಗಳು ಅದರ ದಡವನ್ನು ಹಂಚಿಕೊಂಡಿವೆ. ಸುತ್ತಲೂ ಸುಮಾರು 260 ಕಿಲೋಮೀಟರ್ ಉದ್ದದ ಬೈಸಿಕಲ್ ಮಾರ್ಗವಿದ್ದು, ಅದರ ಬಹುಭಾಗದಲ್ಲಿ ಮೋಟಾರುಗಳ ಕಾಟವಿಲ್ಲ. ಆ ಸರೋವರವನ್ನು ಹಾದು ಹೊರಡುವ ರೈನ್ ನದಿಯೇ ಮುಂದೆ ಬಾಸೆಲ್ ಪಟ್ಟಣವನ್ನು ಮುಟ್ಟುತ್ತದೆ. 1815ರಲ್ಲಿ ಆ ಪಟ್ಟಣದಲ್ಲಿ ಹುಟ್ಟಿದ ಮಿಷನ್ನು 1834ರಲ್ಲಿ ಮಂಗಳೂರಿಗೆ ಬಂದು ಕನ್ನಡಕ್ಕೆ ಮಾಡಿದ ಸೇವೆಯನ್ನು ನಾವು ಬಲ್ಲೆವಷ್ಟೆ. ಫ್ರಾನ್ಸಿನ ಆಲ್ಪ್ಸ್ ಸೀಮೆಯಲ್ಲಿರುವ ಆನ್ಸಿ ಸರೋವರದ ಸಂಗತಿಯು ಇನ್ನೂ ಸ್ವಾರಸ್ಯವಾದುದು. ಅಲ್ಲಿ ರೈಲು ನಿಂತುಹೋದ ಮೇಲೆ ಅದರ ಹಾದಿಯನ್ನು ಪಾಳುಬಿಡದೆ ಬೈಸಿಕಲ್ಲಿಗೆ ಬಿಟ್ಟುಕೊಟ್ಟರು. ಡ್ವೆಂಗ್ ಎಂಬ ಊರಿನ ಬಳಿ ಹಿಂದೆ ರೈಲು ನುಗ್ಗುತ್ತಿದ್ದ ಸುರಂಗದೊಳಗೆ ಈಗ ಬೈಸಿಕಲ್ಲುಗಳು ಸಾಗುತ್ತವೆ. ಚಿಕ್ಕ ಮಕ್ಕಳೂ ಮುದುಕರೂ ಒಂದೇ ದಾರಿಯಲ್ಲಿ ನಿರ್ಭಯವಾಗಿ ಹೋಗುವುದನ್ನು ಕಂಡು ತನಗೆ ಮೊದಲು ನೆನಪಾದುದು ತನ್ನ ಊರಿನ ಕೆರೆಯ ಏರಿಯೆಂದು ಅವಳು ಬರೆದಿದ್ದಳು.

ಅವಳ ನೆನಪು ಸರಿಯಾದುದೇ. ನಮ್ಮಲ್ಲಿ ಹಿಮದ ಬೆಟ್ಟಗಳಿಲ್ಲ. ಆದರೆ ಕೆರೆಗಳುಂಟು, ನಾಲೆಗಳುಂಟು. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಸೀಮೆಯು ಕಪಿಲೆಯ ನೀರಿನಿಂದ ಬಾಳುವ ಸೀಮೆ. ಹುಳ್ಳಹಳ್ಳಿ ನಾಲೆ, ರಾಂಪುರದ ನಾಲೆಗಳು ಹಿಂದಿನ ಕಾಲದವು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದ ಮೇಲೆ ಬಲದಂಡೆಯ ದೊಡ್ಡ ನಾಲೆಯೂ ಬಂದಿತು. ಪ್ರತಿಯೊಂದು ನಾಲೆಯ ಪಕ್ಕದಲ್ಲಿಯೂ ನೀರಾವರಿಯವರು ನೋಡಿಕೊಂಡು ಬರಲು ಒಂದು ದಾರಿಯಿರುತ್ತದೆ. ನೀರು ಏರನ್ನು ಹತ್ತಲಾರದಾದುದರಿಂದ ನಾಲೆಯನ್ನು ನೆಲದ ಮಟ್ಟವನ್ನು ಅನುಸರಿಸಿ ಸ್ವಲ್ಪಸ್ವಲ್ಪವಾಗಿ ಇಳಿಸಿಕೊಂಡು ಹೋಗುತ್ತಾರೆ. ಆದಕಾರಣ ಅದರ ಪಕ್ಕದ ದಾರಿಯೂ ಸಮವಾಗಿಯೇ ಇರುತ್ತದೆ. ಬೈಸಿಕಲ್ಲನ್ನು ಹೊಸದಾಗಿ ಕಲಿತ ಹುಡುಗಿಗೆ ಇದಕ್ಕಿಂತ ಒಳ್ಳೆಯ ದಾರಿ ಯಾವುದುಂಟು?

ಕಳೆದ ಡಿಸೆಂಬರಿನಲ್ಲಿ ಒಂಬತ್ತನೆಯ ತರಗತಿಯ ಹನ್ನೆರಡು ಮಂದಿ ಹುಡುಗಿಯರನ್ನೂ ಇಬ್ಬರು ಉಪಾಧ್ಯಾಯಿನಿಯರನ್ನೂ ಕರೆದುಕೊಂಡು ನಾನು ಹೆಮ್ಮರಗಾಲದ ಕಡೆಗೆ ಬೈಸಿಕಲ್ ಪ್ರವಾಸ ಹೋದೆನು. ಡಾಂಬರು ರಸ್ತೆಯಲ್ಲಿ ಇರುವಷ್ಟು ಹೊತ್ತೂ ಹುಡುಗಿಯರು ಒಬ್ಬರ ಹಿಂದೆ ಒಬ್ಬರಾಗಿ, ತಲೆ ತಗ್ಗಿಸಿ, ಹಿಂದಿನಿಂದ ಬರುವ ಹಾರನ್ನಿಗೆ ಕಿವಿಗೊಟ್ಟು ಸಾಗಿದರು. ನಾಲೆಯ ದಾರಿಗೆ ತಿರುಗಿದೊಡನೆಯೇ ಅವರ ಮುಖಗಳು ಬೇರೆಯಾದವು. ಇಬ್ಬಿಬ್ಬರು ಜೊತೆಯಾದರು; ಮಾತು ಹುಟ್ಟಿತು; ಹಿಂದಿದ್ದವರು ಹಾಡತೊಡಗಿದರು. ಕೊಯ್ಲಾದ ಗದ್ದೆಗಳಲ್ಲಿ ಬೆಳ್ಳಕ್ಕಿಗಳು ಇಳಿದಿದ್ದವು. ತೂಬಿನ ಕಟ್ಟೆಯ ಮೇಲೆ ಕುಳಿತಿದ್ದ ಮಿಂಚುಳ್ಳಿಯನ್ನು ಮೊದಲು ಕಂಡವಳು ತರಗತಿಯಲ್ಲಿ ಎಂದೂ ಬಾಯಿ ತೆರೆಯದ ಹುಡುಗಿ. ಒಬ್ಬಳ ಚೈನು ಕಳಚಿದಾಗ ನಾವು ಯಾರೂ ಹತ್ತಿರ ಹೋಗುವುದಕ್ಕೆ ಮುಂಚೆಯೇ ಅವಳು ಅದನ್ನು ಹಲ್ಲಿಗೆ ಕೂರಿಸಿ, ಕೈಯ ಎಣ್ಣೆಯನ್ನು ಹುಲ್ಲಿಗೆ ಒರೆಸಿ ಮುಂದೆ ಹೊರಟಳು. ನೀರು ನಾಲೆಯಿಂದ ಹೊಲಗಾಲುವೆಗೆ ಹೇಗೆ ತಿರುಗುವುದೆಂಬುದನ್ನು ನೀರ್ಗಂಟಿಯೊಬ್ಬರು ಅವರಿಗೆ ತೋರಿಸಿಕೊಟ್ಟರು. ಭೂಗೋಳದ ಪುಸ್ತಕದ ಒಂದು ಅಧ್ಯಾಯವು ಅರ್ಧ ಗಂಟೆಯಲ್ಲಿ ಮುಗಿಯಿತು.

ಇದು ವಿಹಾರದ ಮಾತಾಯಿತು. ಇನ್ನು ಅಗತ್ಯದ ಮಾತಿಗೆ ಬರುವೆನು. ಆ ಸೀಮೆಯ ರೈತರೊಬ್ಬರು ಮಗಳನ್ನು ಶಾಲೆ ಬಿಡಿಸಬೇಕೆಂದು ನನ್ನ ಬಳಿಗೆ ಬಂದರು. ಕಾರಣವನ್ನು ಕೇಳಲು ಅವರು ಹೇಳಿದುದಿದು: “ಮೇಡಮ್ಮೋರೆ, ಓದ್ಸೋಕೆ ನಂಗೇನೂ ಬೇಸರ ಇಲ್ಲ. ಬಸ್ಸು ಬಂದ್ರೆ ಬಂತು, ಇಲ್ದಿದ್ರೆ ಇಲ್ಲ. ಸೈಕಲ್ಲಲ್ಲಿ ಕಳ್ಸಾನ ಅಂದ್ರೆ ಆ ಲಾರಿಗೋಳು. ಅವಳು ಮನೆ ಸೇರೋಗಂಟ ಅವಳವ್ವ ಬಾಗ್ಲಲ್ಲೇ ನಿಂತಿರ್ತಾಳೆ.” ಈ ತಂದೆಯನ್ನು ವಿದ್ಯೆಯ ಶತ್ರುವೆಂದು ಯಾರು ಹೇಳಬಲ್ಲರು? ಅವರ ಮನೆಗೂ ನಮ್ಮ ಶಾಲೆಗೂ ನಡುವೆ ನಿಂತಿರುವುದು ಅಜ್ಞಾನವಲ್ಲ, ರಸ್ತೆ.

ಬೈಸಿಕಲ್ಲಿನಿಂದ ಹೆಣ್ಣುಮಕ್ಕಳ ವಿದ್ಯೆಗೆ ಆಗುವ ಉಪಕಾರವು ಬರಿಯ ಊಹೆಯಲ್ಲ. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ, ಶೀಲಾರಾಣಿ ಚುಂಕತ್ ಎಂಬವರು ಕಲೆಕ್ಟರರಾಗಿದ್ದಾಗ, ಸಾಕ್ಷರತೆಯ ಆಂದೋಲನದೊಡನೆಯೇ ಸಾವಿರಾರು ಹಳ್ಳಿಯ ಹೆಂಗಸರು ಬೈಸಿಕಲ್ಲನ್ನು ಕಲಿತರು. ಬಿಹಾರದಲ್ಲಿ 2006ರಿಂದ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಸರಕಾರವು ಬೈಸಿಕಲ್ಲಿಗೆ ಹಣ ಕೊಡತೊಡಗಿತು. ಅದನ್ನು ಪರಿಶೀಲಿಸಿದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣವು ಶೇಕಡ 30ರಷ್ಟು ಏರಿತೆಂದೂ, ಶಾಲೆಯು ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ ಫಲವು ಅಧಿಕವೆಂದೂ ಕಂಡರು. ನಮ್ಮ ರಾಜ್ಯದಲ್ಲಿಯೂ 2006–07ರಲ್ಲಿ ಎಂಟನೆಯ ತರಗತಿಯವರಿಗೆ ಬೈಸಿಕಲ್ ಕೊಡುವ ಏರ್ಪಾಡು ಆರಂಭವಾಯಿತು. ಕೊರೋನಾ ಕಾಲದಲ್ಲಿ ಅದು ನಿಂತಿತು. ಬೈಸಿಕಲ್ ಕೊಟ್ಟವರು ಅದು ಓಡುವ ದಾರಿಯನ್ನೂ ಕೊಡಬೇಕೆಂಬುದು ನನ್ನ ವಿಜ್ಞಾಪನೆ.

ನಾಲೆಯ ದಾರಿಯು ತಾನಾಗಿಯೇ ಕ್ಷೇಮವಾದುದೆಂದು ನಾನು ಹೇಳುವುದಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಜಲಸಮಾಧಿಯಾದರು. ಅವರಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಮಕ್ಕಳಿದ್ದರು. ಆ ದಿನವನ್ನು ಮೈಸೂರು, ಮಂಡ್ಯ ಸೀಮೆಗಳ ಯಾವ ಉಪಾಧ್ಯಾಯಿನಿಯೂ ಮರೆಯಲಾರಳು. ಅದರಿಂದ ನಾನು ಕಲಿಯುವ ಪಾಠವಿದು: ನಾಲೆಯ ಏರಿಯು ಭಾರವಾದ ಮೋಟಾರುಗಳಿಗೆ ತಕ್ಕ ದಾರಿಯಲ್ಲ. ಕಾಲ್ನಡಿಗೆಗೂ ಬೈಸಿಕಲ್ಲಿಗೂ ಅದು ತಕ್ಕುದು; ಅದೂ ನೀರಿನ ಕಡೆಗೆ ತಡೆಗೋಡೆಯಿದ್ದರೆ ಮಾತ್ರ.

ಇದಕ್ಕೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ದಾರಿಯ ಎರಡು ತುದಿಗಳಲ್ಲಿ ಬೈಸಿಕಲ್ ಮಾತ್ರ ನುಸುಳುವಂತೆ ಕಲ್ಲುಕಂಬಗಳನ್ನು ನೆಡಬೇಕು. ನೀರಾವರಿಯವರ ಗಾಡಿಗೂ ರೈತರ ಗಾಡಿಗೂ ಬೀಗವಿರುವ ಗೇಟನ್ನು ಇಡಬಹುದು. ತಿರುವುಗಳಲ್ಲಿಯೂ ತೂಬುಗಳ ಬಳಿಯಲ್ಲಿಯೂ ತಡೆಗೋಡೆ ಕಟ್ಟಬೇಕು. ಮುಳ್ಳುಪೊದೆಗಳನ್ನು ವರ್ಷಕ್ಕೆರಡು ಬಾರಿ ಸವರಬೇಕು. ಪೋಷಕರಾದ ತಾವು ಗ್ರಾಮಸಭೆಯಲ್ಲಿ ಎದ್ದು ಇದನ್ನು ಕೇಳಿರಿ. ಪಂಚಾಯತಿಯಿಂದ ಕಾವೇರಿ ನೀರಾವರಿ ನಿಗಮಕ್ಕೆ ಬರೆಯಿಸಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಪಂಚಾಯತಿಯ ಸದಸ್ಯೆಯರಿದ್ದೀರಿ, ಎಂಜಿನಿಯರುಗಳಿದ್ದೀರಿ, ವಕೀಲೆಯರಿದ್ದೀರಿ. ಶಾಲೆಗೆ ಕಾಣಿಕೆ ಕೊಡಬೇಕೆಂದು ನೀವು ಕೇಳಿದಾಗಲೆಲ್ಲಾ ನಾನು ಬೆಂಚು, ಬೀರುಗಳನ್ನು ಹೇಳುತ್ತಿದ್ದೆನು. ಈ ವರ್ಷ ನಾನು ಬೇಡುವುದು ಒಂದು ದಾರಿಯನ್ನು. ಹುಡುಗಿಯರು ಒಂಟಿಯಾಗಿ ಬರದೆ ಗುಂಪಾಗಿ ಬರುವಂತೆ ಹಳ್ಳಿಹಳ್ಳಿಯ ಪಟ್ಟಿಯನ್ನು ಮಾಡುವ ಕೆಲಸವನ್ನು ಶಾಲೆಯು ವಹಿಸಿಕೊಳ್ಳುವುದು.

ಹೆಮ್ಮರಗಾಲದ ಸಂತಾನ ವೇಣುಗೋಪಾಲಸ್ವಾಮಿಯ ಗುಡಿಗೆ ಮಕ್ಕಳಿಲ್ಲದ ದಂಪತಿಗಳು ದೂರದೂರದಿಂದ ಬಂದು ಹರಕೆ ಹೊರುವುದನ್ನು ನೀವೆಲ್ಲರೂ ಬಲ್ಲಿರಿ. ನಮ್ಮ ನಮ್ಮ ಮತಗಳು ಬೇರೆಯಾದರೂ ಮಗುವು ದೇವರ ದಾನವೆಂಬುದರಲ್ಲಿ ಭೇದವಿಲ್ಲ. ಅಷ್ಟು ಹಂಬಲಿಸಿ ಪಡೆದ ಮಗುವು ಹೆಣ್ಣಾದರೆ, ಅವಳು ಹದಿಮೂರನೆಯ ವಯಸ್ಸಿನಲ್ಲಿ ಮನೆಯ ಹೊಸ್ತಿಲಲ್ಲಿಯೇ ನಿಲ್ಲದಂತೆ ನೋಡಿಕೊಳ್ಳುವುದು ನಮ್ಮ ಹೊಣೆ. ಬರುವ ಜೂನಿನಲ್ಲಿ ಶಾಲೆ ತೆರೆಯುವಾಗ ನಿಮ್ಮ ಊರಿನಿಂದ ಎಷ್ಟು ಮಂದಿ ಹುಡುಗಿಯರು ಬೈಸಿಕಲ್ಲಿನಲ್ಲಿ ಬರಬಲ್ಲರೆಂಬುದನ್ನು ದಯಮಾಡಿ ನನಗೆ ಬರೆದು ತಿಳಿಸಿರಿ. ಕರ್ತನು ಅವರ ಹೋಗುವಿಕೆಯನ್ನೂ ಬರುವಿಕೆಯನ್ನೂ ಕಾಯಲಿ.