ತಪ್ಪಲೆಯ ಮೇಲಿನ ಹೆಸರು

ಹಳೆಯ ಮನೆಗಳ ಅಟ್ಟಕ್ಕೆ ಏಣಿ ಹಾಕುವ ಸಂದರ್ಭಗಳು ಬಹಳವಿಲ್ಲ. ಮಗಳ ಮದುವೆ, ಮಾಡಿನ ದುರಸ್ತಿ, ಇಲ್ಲವೇ ಅಣ್ಣತಮ್ಮಂದಿರ ಪಾಲು. ದೊಡ್ಡಬಳ್ಳಾಪುರದ ಒಂದು ತೊಟ್ಟಿಯ ಮನೆಯಲ್ಲಿ ಏಣಿ ಹಾಕಿದ್ದು ಮೂರನೆಯ ಕಾರಣಕ್ಕೆ.

ಪಕ್ಕದ ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಆ ಸೀಮೆಯ ಅಂಗೈಯಗಲ ನೆಲಕ್ಕೂ ಬೆಲೆ ಬಂದಿತು. ಮನೆಯ ಯಜಮಾನರು ತೀರಿಕೊಂಡು ವರ್ಷ ತುಂಬಿತ್ತು. ಗಂಡುಮಕ್ಕಳು ಮೂವರು, ಮಗಳು ಒಬ್ಬಳು. ಮನೆಯನ್ನು ಕೆಡವಿ ನಿವೇಶನವನ್ನು ಮೂರು ಭಾಗ ಮಾಡುವುದೆಂದು ತೀರ್ಮಾನವಾಯಿತು. ಬೆಂಗಳೂರಿನಿಂದ ಬಂದ ಮಗಳು ಹಿಂದಿನ ದಿನವೇ ನೋಂದಣಿ ಕಚೇರಿಯಲ್ಲಿ ಕುಳಿತು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಕೊಟ್ಟಿದ್ದಳು. ಸಹಿ ಮಾಡೆಂದು ಯಾರೂ ಬಲವಂತ ಮಾಡಲಿಲ್ಲ. ಬೇಡವೆಂದೂ ಯಾರೂ ಹೇಳಲಿಲ್ಲ.

ಉಳಿದದ್ದು ಪಾತ್ರೆಗಳು. ತಾಮ್ರದ ಹಂಡೆ, ಹಿತ್ತಾಳೆಯ ಕೊಳಗ, ಕಂಚಿನ ಗಂಗಾಳ, ಬಳಪದ ಕಲ್ಲಿನ ಚಟ್ಟಿ, ಮದುವೆಮನೆಗೆ ಸಾಲುವಷ್ಟು ಸೌಟುಗಳು—ಒಂದೊಂದಾಗಿ ಅಟ್ಟದಿಂದಿಳಿದು ತೊಟ್ಟಿಯ ಸುತ್ತ ಕುಳಿತವು. ಎಲ್ಲಕ್ಕೂ ಕಿಲುಬು ಹತ್ತಿತ್ತು. ತಕ್ಕಡಿ ಹಿಡಿದು ಬಂದ ವ್ಯಾಪಾರಿ ಮೂಲೆಯಲ್ಲಿ ನಿಂತಿದ್ದ. ಹಿತ್ತಾಳೆಗೆ ಒಂದು ದರ, ತಾಮ್ರಕ್ಕೆ ಒಂದು ದರ. ಬಂದ ಹಣವನ್ನು ಮೂರು ಭಾಗ ಮಾಡಿದರಾಯಿತು. ಹುಣಸೆಹಣ್ಣು, ಬೂದಿ ಹಾಕಿ ಈ ಭಾರದ ಪಾತ್ರೆಗಳನ್ನು ಉಜ್ಜಲು ಈಗ ಯಾರ ಕೈಯಲ್ಲಿ ಶಕ್ತಿಯಿದೆ, ಯಾರಿಗೆ ಪುರಸೊತ್ತಿದೆ? ಇಂಗ್ಲೆಂಡಿನ ಷೆಫೀಲ್ಡಿನಲ್ಲಿ 1913ರಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತ ಕ್ರೋಮಿಯಂ ಬೆರೆಸಿ ತುಕ್ಕು ಹಿಡಿಯದ ಉಕ್ಕನ್ನು ಎರಕ ಹೊಯ್ದಾಗ, ಅದು ಒಂದು ದಿನ ನಮ್ಮ ಹಿತ್ತಾಳೆಯನ್ನೆಲ್ಲ ಅಟ್ಟಕ್ಕೆ ಅಟ್ಟೀತೆಂದು ಅವನು ಎಣಿಸಿರಲಾರ. ಸ್ಟೀಲಿನ ಮೇಲೆ ಗೃಹಿಣಿಯರಿಗಿರುವ ಪ್ರೀತಿಯನ್ನು ತಪ್ಪೆನ್ನಲಾಗದು. ಅವರ ಬೆನ್ನಿಗೂ ತೋಳಿಗೂ ಅದು ಕೊಟ್ಟ ಬಿಡುಗಡೆ ಸಣ್ಣದಲ್ಲ.

ತೂಕ ನಡೆಯುತ್ತಿದ್ದಾಗ ಒಂದು ತಪ್ಪಲೆಯನ್ನು ಹಿರಿಯ ಮಗ ಬೆಳಕಿಗೆ ಹಿಡಿದ. ಕುತ್ತಿಗೆಯ ಕೆಳಗೆ ಚುಕ್ಕೆ ಚುಕ್ಕೆಯಾಗಿ ಕೊರೆದ ಕನ್ನಡ ಅಕ್ಷರಗಳಿದ್ದವು. ಒಂದು ಹೆಣ್ಣಿನ ಹೆಸರು. ಅಮ್ಮನ ಹೆಸರಲ್ಲ, ಅಜ್ಜಿಯದೂ ಅಲ್ಲ. ತಮ್ಮಂದಿರು ಓದಿದರು, ಯಾರಿಗೂ ಗುರುತು ಸಿಗಲಿಲ್ಲ.

ಕಂಬಕ್ಕೊರಗಿ ಕುಳಿತಿದ್ದ ತಾಯಿ ಕೈ ಚಾಚಿದರು. ಎಂಬತ್ತು ದಾಟಿದ ಕಣ್ಣಿಗೆ ಅಕ್ಷರ ಕಾಣದು. ಬೆರಳಿನಿಂದ ಚುಕ್ಕೆಗಳನ್ನು ಸವರಿ, "ಇದು ನಿಮ್ಮತ್ತೇದಲ್ಲವೇನೋ" ಎಂದರು.

ಅತ್ತೆ! ಆ ಮನೆಯಲ್ಲಿ ಬೆಳೆದವರೆಲ್ಲರಿಗೂ ಆಕೆ ಬರಿಯ ಅತ್ತೆ. ಯಜಮಾನರ ಅಕ್ಕ; ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ತವರು ಕೊಟ್ಟಿದ್ದ ಪಾತ್ರೆಗಳೊಡನೆ ತವರಿಗೇ ಹಿಂದಿರುಗಿದವರು. ಮುಂದಿನ ಮೂವತ್ತು ವರ್ಷ ಆ ಮನೆಯ ಒಲೆ ಅವರ ಕೈಯಲ್ಲಿತ್ತು. ಮಾಗಿಯ ಚಳಿಯಲ್ಲಿ ಸೊಗಡಿನ ಅವರೆಕಾಯಿ ಬಂತೆಂದರೆ, ಕಾಳು ಸುಲಿದು ನೀರಿನಲ್ಲಿ ನೆನೆಹಾಕಿ, ನಸುಕಿನಲ್ಲೆದ್ದು ಒಂದೊಂದೇ ಕಾಳನ್ನು ಹಿದುಕಿ, ಇದೇ ತಪ್ಪಲೆಯಲ್ಲಿ ಹಿದಕಿದ ಬೇಳೆಯ ಸಾರು ಮಾಡುತ್ತಿದ್ದರು. ಮುದ್ದೆಯ ಮುಂದೆ ಕುಳಿತ ಮಕ್ಕಳಿಗೆ ಆ ಸಾರಿನ ಪರಿಮಳ ಇಂದಿಗೂ ನೆನಪಿದೆ. ಅವರ ಹೆಸರು ಮಾತ್ರ ನೆನಪಿಲ್ಲ. ಮರೆತದ್ದಲ್ಲ, ಕೇಳಿಯೇ ಇರಲಿಲ್ಲ.

ಅವರ ಭಾವಚಿತ್ರವಿಲ್ಲ. ಪಹಣಿಯಲ್ಲಿ ಹೆಸರಿಲ್ಲ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳಿಗಾಗಿ ಕಾಯಿದೆ ಮಾಡಿತ್ತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದಿತು. ಪಿತ್ರಾರ್ಜಿತದಲ್ಲಿ ಮಗಳೂ ಮಗನಂತೆ ಪಾಲುದಾರಳೆಂದು, ಅಂದಿಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳ ಮಟ್ಟಿಗೆ, ಕರ್ನಾಟಕದಲ್ಲಿ 1994ರಲ್ಲಿ ಜಾರಿಯಾದ ತಿದ್ದುಪಡಿ ಹೇಳಿತು; 2005ರಲ್ಲಿ ಅದು ಇಡೀ ದೇಶದ ಮಾತಾಯಿತು. ಕಾಯಿದೆಗಳು ಬಂದವು. ಅತ್ತೆ ಅಡುಗೆಮನೆಯಿಂದ ಎದ್ದು ಬಂದು ಅವುಗಳ ಸುದ್ದಿ ಕೇಳಿದವರಲ್ಲ. ಆ ಕಾಲದ ಎಷ್ಟೋ ಹೆಣ್ಣುಮಕ್ಕಳಿಗೆ ತವರು ಕೊಟ್ಟ ಪಾತ್ರೆಯ ಮೇಲಿನ ಆ ನಾಲ್ಕು ಚುಕ್ಕೆಯಕ್ಷರಗಳೇ ಸ್ವತ್ತಿನ ಪತ್ರ. ಇದು ನನ್ನದೆಂದು ಅವರು ಬಾಯಿಬಿಟ್ಟು ಹೇಳದಿದ್ದುದನ್ನು ಹಿತ್ತಾಳೆ ಹೇಳುತ್ತಿತ್ತು.

"ತೂಕಕ್ಕೆ ಹಾಕಲಾ ಅಮ್ಮ?" ಎಂದು ಕಿರಿಯ ಮಗ ಕೇಳಿದ.

"ಅದು ನಿಮ್ಮಪ್ಪಂದಲ್ಲಪ್ಪ, ನೀವು ಪಾಲು ಮಾಡಿಕೊಳ್ಳೋದಕ್ಕೆ" ಎಂದರು ತಾಯಿ. ದನಿಯಲ್ಲಿ ಕೋಪವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಯಾರ ಮನೇಲಿ ಅದರಲ್ಲಿ ಅಡುಗೆ ಆಗುತ್ತೋ ಅಲ್ಲಿಗೆ ಹೋಗಲಿ" ಎಂದರು.

ಗಂಡುಮಕ್ಕಳು ಹೆಂಡಿರ ಮುಖ ನೋಡಿದರು. ಸೊಸೆಯರು ತಪ್ಪಲೆಯ ಗಾತ್ರ ನೋಡಿದರು. ಅಷ್ಟರವರೆಗೆ ಬಾಗಿಲ ಬಳಿ ಸುಮ್ಮನೆ ನಿಂತಿದ್ದ ಮಗಳು ಬಂದು ಅದನ್ನೆತ್ತಿ ಸೊಂಟಕ್ಕಿಟ್ಟುಕೊಂಡಳು. ಹಿಂದಿನ ದಿನ ಲಕ್ಷಗಟ್ಟಲೆ ಬಾಳುವ ನೆಲವನ್ನು ಒಂದು ಸಹಿಯಲ್ಲಿ ಬಿಟ್ಟುಕೊಟ್ಟವಳು ಈ ತಗ್ಗುಬಿದ್ದ ತಪ್ಪಲೆಯನ್ನು ಬಿಡಲಿಲ್ಲ. ಹಿರಿಯಣ್ಣ ಏನೋ ಹೇಳಹೋಗಿ ನಿಲ್ಲಿಸಿದ.

ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಹುಳಿ ಬೇಯಿಸುವಂತಿಲ್ಲ. ಬೀದಿಬೀದಿ ಕೂಗಿಕೊಂಡು ಬರುತ್ತಿದ್ದ ಕಲಾಯಿಗಾರ ಈಗ ಅಪರೂಪ. ಎರಡು ತಿಂಗಳು ವಿಚಾರಿಸಿದ ಮೇಲೆ ಅವಳಿಗೆ ಒಬ್ಬ ಮುದುಕ ಸಿಕ್ಕಿದ. ಕೆಂಡದ ಮೇಲೆ ತಪ್ಪಲೆಯನ್ನು ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿಯನ್ನು ಒಳಮೈಗೆ ಮುಟ್ಟಿಸಿ, ಅರಳೆಯಿಂದ ಸರಸರನೆ ಒರೆಸಿದ. ಕಪ್ಪಗಿದ್ದ ಒಡಲು ಬೆಳ್ಳಿಯಂತಾಯಿತು. "ಬರಿಪಾತ್ರೆ ಗ್ಯಾಸ್ ಮೇಲಿಡಬೇಡಿ ತಾಯಿ, ಕಲಾಯಿ ಕರಗಿಹೋಗುತ್ತೆ" ಎಂದು ಎಚ್ಚರಿಸಿದ. ಅವನ ಮಾತು ಸರಿ. ತವರ 232 ಡಿಗ್ರಿ ಶಾಖಕ್ಕೇ ಕರಗುತ್ತದೆ. ಹೆಸರಿದ್ದ ಹೊರಮೈಯನ್ನು ಗಟ್ಟಿಯಾಗಿ ಉಜ್ಜಬೇಡವೆಂದು ಅವಳು ಅವನಿಗೆ ಎರಡು ಸಲ ಹೇಳಿದಳು.

ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ನಾಡಿನ ಹಳೆಯ ಗೃಹೋಪಯೋಗಿ ವಸ್ತುಗಳಿಗೆ ಆಶ್ರಯ ದೊರೆತಿದೆ. ಅಲ್ಲಿ ಸೇರಿದ ಪಾತ್ರೆಗೆ ತಕ್ಕಡಿಯ ಭಯವಿಲ್ಲ; ಆದರೆ ಒಲೆಯ ಭಾಗ್ಯವೂ ಇಲ್ಲ. ಎಲ್ಲ ಪಾತ್ರೆಗಳನ್ನೂ ಉಳಿಸಿಕೊಳ್ಳುವಷ್ಟು ಜಾಗ ನಮ್ಮ ಮನೆಗಳಲ್ಲಿಲ್ಲವೆಂಬುದೂ ನಿಜ. ಆದರೂ ತೂಕಕ್ಕೆ ಹಾಕುವ ಮುನ್ನ ಅಂಚನ್ನೊಮ್ಮೆ ಒರೆಸಿ ಓದಬಹುದು. ಹೆಸರಿದ್ದರೆ, ಅದು ಯಾರದೆಂದು ಹಿರಿಯರು ಇರುವಾಗಲೇ ಕೇಳಿಟ್ಟುಕೊಳ್ಳಬಹುದು.

ಆ ಜನವರಿಯಲ್ಲಿ ಮಗಳ ಮನೆಗೆ ಅಮ್ಮನೂ ಮೂವರು ಅಣ್ಣತಮ್ಮಂದಿರೂ ಊಟಕ್ಕೆ ಬಂದರು. ಸಾರು ಅತ್ತೆಯದರಂತೆ ಆಗಿರಲಿಲ್ಲ. ಉಪ್ಪು ಒಂದು ಕಲ್ಲು ಹೆಚ್ಚಾಗಿತ್ತು. ಯಾರೂ ಅದನ್ನು ಆಡಲಿಲ್ಲ. ಊಟವಾದ ಮೇಲೆ ಹಿರಿಯಣ್ಣ ಅಡುಗೆಮನೆಗೆ ಹೋಗಿ, ತೊಳೆದು ಬೋರಲು ಹಾಕಿದ್ದ ತಪ್ಪಲೆಯ ಮುಂದೆ ನಿಂತ. ತಂಗಿಯ ಮಗಳು ಆ ಅಕ್ಷರಗಳನ್ನು ತೋರಿಸಿ, "ಇದು ಯಾರು ಮಾವ?" ಎಂದು ಕೇಳಿದಳು.

ಅವನು ಆ ಹೆಸರನ್ನು ಹೇಳಿದ. ಅರವತ್ತು ದಾಟಿದ್ದ ಅವನು ಅದನ್ನು ಬಾಯಿಬಿಟ್ಟು ಉಚ್ಚರಿಸಿದ್ದು ಅದೇ ಮೊದಲು.