ಒಂಬತ್ತು ಅಂದರೆ ಎಷ್ಟು?

ನಮ್ಮೂರಲ್ಲಿ ಬ್ಯಾಟರಿ ಅಂದರೆ ಟಾರ್ಚು. ಅದರೊಳಗೆ ಹಾಕುವುದು ಶೆಲ್ಲು. ಸಂಜೆ ಕರೆಂಟು ಹೋದರೆ ಅಪ್ಪ, "ಬ್ಯಾಟರಿ ತಗೊಂಡು ಕೊಟ್ಟಿಗೆಗೆ ಹೋಗಿ ಬಾ, ಶೆಲ್ಲು ವೀಕಾಗಿದೆ ನೋಡ್ಕೋ" ಅನ್ನುತ್ತಿದ್ದರು. ರೇಡಿಯೊದ ಶೆಲ್ಲು ಸೋತರೆ ಅವನ್ನು ಜಗಲಿಯ ಬಿಸಿಲಲ್ಲಿ ಸಾಲಾಗಿ ಇಡುತ್ತಿದ್ದರು. ಬಿಸಿಯಾದ ಮೇಲೆ ಇನ್ನೊಂದು ವಾರ್ತೆ, ಇನ್ನೊಂದು ಚಿತ್ರಗೀತೆಯ ಮಟ್ಟಿಗೆ ಅವು ಎದ್ದು ಕೂರುತ್ತಿದ್ದವು. ಒಂಟಿಯಾಗಿದ್ದರೆ ಸೆಲ್, ಹಲವನ್ನು ಸೇರಿಸಿ ಕಟ್ಟಿದರೆ ಬ್ಯಾಟರಿ ಎಂಬುದು ಶಾಸ್ತ್ರದ ಮಾತು. ಊರಿನ ಮಾತು ಅದಕ್ಕೆ ಎಷ್ಟು ಹತ್ತಿರವಿತ್ತು ಎಂದು ಈಗ ಅನಿಸುತ್ತಿದೆ. ಮೂರು ತಿಂಗಳಿಂದ ನನ್ನ ಮೇಜಿನ ಮೇಲೆ ಬರೀ ಸೆಲ್ಲು, ಬ್ಯಾಟರಿಗಳೇ. ಕಂಡದ್ದನ್ನು ಕಂಡ ಹಾಗೆ ಬರೆದಿಡುತ್ತಿದ್ದೇನೆ.

*

ಹೆಡ್‌ಫೋನಿಗೆಂದು ಜೇಬಿನಲ್ಲಿ ಹಿಡಿಸುವ ಆಂಪ್ಲಿಫೈಯರ್ ಕಟ್ಟಿಕೊಂಡಿದ್ದೇನೆ. 1990ರ ದಶಕದ ಕೊನೆಯಲ್ಲಿ ಚು ಮಾಯ್ ಎಂಬುವರು ಪ್ರಕಟಿಸಿದ ವಿನ್ಯಾಸ. ಪೆಪ್ಪರ್‌ಮೆಂಟಿನ ತಗಡಿನ ಡಬ್ಬಿಯೊಳಗೆ ಕೂರುವಷ್ಟು ಚಿಕ್ಕದು. ಒಂದು ಚಿಪ್, ಬೆರಳೆಣಿಕೆಯ ಬಿಡಿಭಾಗಗಳು, ಒಂದು 9 ವೋಲ್ಟ್ ಬ್ಯಾಟರಿ. ಬೆಸುಗೆ ಹಾಕಲು ಒಂದು ಭಾನುವಾರ ಸಾಕಾಯಿತು. ಯಾವ ಬ್ಯಾಟರಿ ಹಾಕಬೇಕು ಎಂಬ ಪ್ರಶ್ನೆಗೆ ಮೂರು ತಿಂಗಳೂ ಸಾಲಲಿಲ್ಲ.

*

ಖಾಲಿಯಾದ ಒಂದು ಆಲ್ಕಲೈನ್ 9 ವೋಲ್ಟನ್ನು ಕೈಗವಸು ಹಾಕಿಕೊಂಡು ಬಿಚ್ಚಿದೆ. ತಗಡಿನ ಮಡಿಕೆಯನ್ನು ಇಕ್ಕಳದಲ್ಲಿ ನಿಧಾನ ಎತ್ತಿದರೆ ಒಳಗೆ ಕಿರುಬೆರಳಿಗಿಂತ ಸಣ್ಣ ಆರು ಸೆಲ್ಲು, ಮೂರು ಮೂರರ ಎರಡು ಸಾಲು, ನಡುವೆ ತೆಳುವಾದ ಪಟ್ಟಿಗಳ ಜೋಡಣೆ. ಒಂದೂವರೆ ವೋಲ್ಟಿನ ಆರು ಸೇರಿ ಒಂಬತ್ತು. ಅಗ್ಗದ ಝಿಂಕ್-ಕಾರ್ಬನ್ ಜಾತಿಯದರಲ್ಲಿ ಬೇರೆಯೇ ವ್ಯವಸ್ಥೆ: ಹಪ್ಪಳದ ಕಟ್ಟಿನಂತೆ ಒಂದರ ಮೇಲೊಂದು ಆರು ಚಪ್ಪಟೆ ಬಿಲ್ಲೆ. ಮೈಮೇಲೆ 6ಎಫ್22 ಎಂದಿದ್ದರೆ ಅದು ಈ ಹಪ್ಪಳದ ಕಟ್ಟು, 6ಎಲ್‌ಆರ್61 ಎಂದಿದ್ದರೆ ಆಲ್ಕಲೈನ್. ಅಂಗಡಿಯಲ್ಲಿ ಬಣ್ಣ ನೋಡುವುದಕ್ಕಿಂತ ಈ ಅಕ್ಷರಗಳನ್ನು ಓದುವುದು ಮೇಲು.

*

ಮೊದಲ ಗೊಂದಲ ತಕ್ಕಡಿಯದು. 9 ವೋಲ್ಟಿನ ಆಲ್ಕಲೈನ್ ಸುಮಾರು 45 ಗ್ರಾಂ. ಗೋಡೆ ಗಡಿಯಾರಕ್ಕೆ ಹಾಕುವ ಡಬಲ್-ಎ ಆಲ್ಕಲೈನ್ ಎರಡನ್ನು ತೂಗಿದರೂ ಹೆಚ್ಚುಕಮ್ಮಿ ಅಷ್ಟೇ. ಆದರೆ ಆ ಜೋಡಿಯೊಳಗೆ ಏಳು ವಾಟ್-ಗಂಟೆಗೂ ಹೆಚ್ಚು ಶಕ್ತಿಯಿದೆ. 9 ವೋಲ್ಟಿನದರಲ್ಲಿ ನಾಲ್ಕೂವರೆಯ ಆಸುಪಾಸು. ಅದೇ ತೂಕ, ಹೆಚ್ಚು ದುಡ್ಡು, ಕಡಿಮೆ ಸರಕು! ಆರು ಪುಟ್ಟ ಸೆಲ್ಲಿಗೆ ಆರು ಗೋಡೆ, ಆರು ಮುಚ್ಚಳ. ಜಾಗವನ್ನೆಲ್ಲ ಗೋಡೆಗಳೇ ತಿನ್ನುತ್ತವೆ. ಹಾಗಿದ್ದೂ ಎಲ್ಲರೂ ಇದನ್ನೇ ಏಕೆ ಹಿಡಿದರು? ಈ ಆಕಾರ 1950ರ ದಶಕದಲ್ಲಿ ಟ್ರಾನ್ಸಿಸ್ಟರ್ ರೇಡಿಯೊಗಳಿಗಾಗಿ ಬಂದದ್ದು. ಡಬ್ಬಿಯ ಮೂಲೆಯಲ್ಲಿ ಕೂರುತ್ತದೆ, ಒಂದೇ ಏಟಿಗೆ ಒಂಬತ್ತು ವೋಲ್ಟ್ ಕೊಡುತ್ತದೆ. ನನ್ನ ಆಂಪ್ಲಿಫೈಯರಿನ ಚಿಪ್ಪಿಗೆ ಬೇಕಾದದ್ದೂ ವೋಲ್ಟೇ. ಎರಡು ಡಬಲ್-ಎ ಕೊಡುವ ಮೂರು ವೋಲ್ಟಿಗೆ ಅದು ಕಣ್ಣೇ ತೆರೆಯುವುದಿಲ್ಲ.

*

ಬೆಂಗಳೂರಿನ ಎಸ್.ಪಿ. ರೋಡ್. ಎರಡಾಳು ಎದುರುಬದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದಷ್ಟು ಕಿರಿದಾದ ಅಂಗಡಿ. 9 ವೋಲ್ಟ್ ಕೇಳಿದೆ.

"ಯಾವ್ದಕ್ಕೆ ಸಾರ್? ರಿಮೋಟ್ ಕಾರಾ, ಮೀಟರಾ?"

"ಹಾಡು ಕೇಳೋಕೆ."

ಹುಡುಗ ಒಂದು ಕ್ಷಣ ಯೋಚಿಸಿ ಮೂರು ಥರದ್ದನ್ನು ಗಾಜಿನ ಮೇಲಿಟ್ಟ. ಝಿಂಕ್-ಕಾರ್ಬನ್, ಆಲ್ಕಲೈನ್, ರೀಚಾರ್ಜ್ ಮಾಡುವಂಥದ್ದು. ಮೂರರ ಮೇಲೂ ದೊಡ್ಡದಾಗಿ 9ವಿ. ಮೂರನೆಯದನ್ನು ತಿರುಗಿಸಿದರೆ ಮಾತ್ರ ಸಣ್ಣ ಅಕ್ಷರದಲ್ಲಿ 8.4 ಎಂದಿತ್ತು. ನಿಕಲ್-ಮೆಟಲ್ ಹೈಡ್ರೈಡ್ ಸೆಲ್ಲು ಒಂದೊಂದಕ್ಕೆ 1.2 ವೋಲ್ಟ್. ಏಳು ಸೇರಿದರೆ 8.4. ಕೆಲವರು ಆರೇ ತುಂಬುತ್ತಾರೆ, ಅದು 7.2. ಎಂಟು ತುಂಬಿದರೆ 9.6. ಮೂರೂ ಮಾರುಕಟ್ಟೆಯಲ್ಲಿ ಒಂಬತ್ತು ಎಂಬ ಒಂದೇ ಹೆಸರಿನಲ್ಲಿ ಓಡಾಡುತ್ತವೆ. ಕೊಳ್ಳುವವರು ಹಿಂದೆ ತಿರುಗಿಸಿ ಓದಲೇಬೇಕು.

*

8.4 ಎಂದು ನೋಡಿ ಮನಸ್ಸು ಹಿಂದೆಗೆದಿತ್ತು. ಅಳೆದು ನೋಡಿದ ಮೇಲೆ ಅಭಿಪ್ರಾಯ ಬದಲಾಯಿತು. ಹೊಸ ಆಲ್ಕಲೈನ್: ಮೀಟರಿನಲ್ಲಿ 9.5. ಹತ್ತು ಗಂಟೆ ಹಾಡಿದ ಮೇಲೆ 8.3. ಇಪ್ಪತ್ತು ಗಂಟೆಗೆ 7.7. ಮೊದಲ ದಿನದಿಂದಲೇ ಇಳಿಜಾರು. ರೀಚಾರ್ಜಿನದು ಚಾರ್ಜರಿನಿಂದ ತೆಗೆದಾಗ 9.7, ಒಂದು ಗಂಟೆಗೆ 8.9, ಆರು ಗಂಟೆಗೆ 8.5. ಅಲ್ಲಿಂದ ಬಹಳ ಹೊತ್ತು ಕದಲುವುದಿಲ್ಲ. ಹನ್ನೆರಡನೆಯ ಗಂಟೆಯ ಹತ್ತಿರ ಏಣಿ ಜಾರಿದಂತೆ ಒಮ್ಮೆಲೇ ಬೀಳುತ್ತದೆ. ಒಂಬತ್ತು ಎಂದು ಬರೆಸಿಕೊಂಡದ್ದು ತನ್ನ ಆಯಸ್ಸಿನ ಅರ್ಧದಷ್ಟನ್ನಾದರೂ ಎಂಟರ ಕೆಳಗೆ ಕಳೆಯುತ್ತದೆ, ಎಂಟೂಚಿಲ್ಲರೆಯದು ಕೊನೆಯವರೆಗೂ ಎಂಟರ ಮೇಲೆಯೇ ನಿಲ್ಲುತ್ತದೆ. ಆಯಸ್ಸು ಚಿಕ್ಕದು, ನಿಜ: ಆಲ್ಕಲೈನಿನಲ್ಲಿ ಸುಮಾರು 500 ಮಿಲಿಆಂಪಿಯರ್-ಗಂಟೆ (ಎಂಎಎಚ್) ಇದ್ದರೆ ಇದರಲ್ಲಿ ಇನ್ನೂರು. ಆದರೆ ಮರುದಿನ ಮತ್ತೆ ತುಂಬಿಸಿಕೊಳ್ಳಬಹುದು.

*

ಸೋಲುತ್ತಿರುವ ಬ್ಯಾಟರಿಯಲ್ಲಿ ಮೊದಲು ಕೆಡುವುದು ಯಾವುದು? ತಂಬೂರಿ ಎಂದುಕೊಂಡಿದ್ದೆ, ಅಷ್ಟು ನವಿರಾದ ನಾದವಲ್ಲವೆ. ಹಾಗಲ್ಲ. ಮಲ್ಲಿಕಾರ್ಜುನ ಮನ್ಸೂರರನ್ನು ಕೇಳುತ್ತಿದ್ದೆ. ತಂಬೂರಿ ಕೊನೆಯವರೆಗೂ ತಿಳಿಯಾಗಿಯೇ ಇತ್ತು. ಅವರು ತಾರ ಷಡ್ಜಕ್ಕೆ ಏರಿ ಕಂಠವನ್ನು ಪೂರ್ತಿ ಬಿಟ್ಟಾಗ ಮಾತ್ರ ಸ್ವರದ ಅಂಚಿನಲ್ಲಿ ಮರಳು ಸೇರಿಕೊಂಡಂತಾಯಿತು. ಆಂಪ್ಲಿಫೈಯರಿಗೆ ಮೇಲೆ ಹೋಗಲು ಜಾಗವಿಲ್ಲ, ಅಲೆಯ ನೆತ್ತಿ ಚಾವಣಿಗೆ ತಗಲಿ ಚಪ್ಪಟೆಯಾಗುತ್ತದೆ. ಸಣ್ಣ ದನಿಗೆ ಚಾವಣಿಯ ಹಂಗಿಲ್ಲ. ಇಷ್ಟು ಕೇಳಿದ ಮೇಲೆ ವೋಲ್ಟ್ ಎಂಬ ಪದ ನನಗೆ ಪುಸ್ತಕದ ಪದವಾಗಿ ಉಳಿಯಲಿಲ್ಲ.

*

ಹಾಗಾದರೆ ಚಾವಣಿ ಎತ್ತರಿಸೋಣ ಎಂದು ಎರಡು ಬ್ಯಾಟರಿಯ ಇನ್ನೊಂದು ಡಬ್ಬಿ ಕಟ್ಟಿದೆ. ಮೇಲಕ್ಕೆ ಒಂಬತ್ತು, ಕೆಳಕ್ಕೆ ಒಂಬತ್ತು. ದಿನವೂ ಬಳಸುವ 32 ಓಮ್ ಹೆಡ್‌ಫೋನ್ ಹಾಕಿಕೊಂಡೆ. ಏನೂ ವ್ಯತ್ಯಾಸವಿಲ್ಲ! ಇಡೀ ಸಂಜೆ ಎರಡನ್ನೂ ಅದಲುಬದಲು ಮಾಡಿ ಕೇಳಿದೆ. ಗೆಳೆಯರೊಬ್ಬರ 300 ಓಮಿನ ಸೆನ್‌ಹೈಸರ್ ತಂದು ಹಾಕಿದಾಗ ಹಾಡು ಮೈಬಿಚ್ಚಿ ನಿಂತಿತು.

ಕಾಗದದ ಮೇಲೆ ಲೆಕ್ಕ ಹಾಕಿದಾಗ ಗಂಟು ಬಿಚ್ಚಿಕೊಂಡಿತು. ಒಂದೇ ಬ್ಯಾಟರಿಯಾದರೆ ಒಂಬತ್ತು ಎರಡು ಪಾಲಾಗಿ ಮೇಲಕ್ಕೆ ನಾಲ್ಕೂವರೆ ವೋಲ್ಟ್, ಕೆಳಕ್ಕೆ ನಾಲ್ಕೂವರೆ. ಚಿಪ್ ತನಗೆಂದು ಒಂದೂವರೆ ಇಟ್ಟುಕೊಂಡರೆ ಉಳಿಯುವುದು ಮೂರು. ಮೂರು ವೋಲ್ಟಿಗೆ 300 ಓಮ್ ಕೇಳುವುದು 10 ಮಿಲಿಆಂಪಿಯರ್, ಚಿಪ್ಪಿಗೆ ಅದೇನೂ ಭಾರವಲ್ಲ. ಅಂಥದಕ್ಕೆ ಎತ್ತರ ಸಿಕ್ಕಷ್ಟೂ ಲಾಭ. ಅದೇ ಮೂರು ವೋಲ್ಟಿಗೆ 32 ಓಮ್ ಕೇಳುವುದು 94 ಮಿಲಿಆಂಪಿಯರ್. ನನ್ನ ಚಿಪ್ಪಿನ ಕೈಲಾಗುವುದು 40ರ ಸುತ್ತಮುತ್ತ. ಬ್ಯಾಟರಿ ಎಷ್ಟೇ ಎತ್ತರದ್ದಿರಲಿ, ಕರೆಂಟು ಕೊಡುವ ಕೈ ಮೊದಲೇ ಸೋಲುತ್ತದೆ. ಹಾಗಾಗಿ ಬ್ಯಾಟರಿ ಆರಿಸುವ ಮೊದಲು ಹೆಡ್‌ಫೋನಿನ ಓಮ್ ಎಷ್ಟು, ಚಿಪ್ಪಿನ ಮಿತಿ ಎಷ್ಟು ಎಂದು ನೋಡಿಕೊಳ್ಳಬೇಕು. ಅಂಗಡಿಗೆ ಹೋಗುವುದು ಆಮೇಲೆ. ನಾನು ತಿರುವುಮುರುವಾಗಿ ಹೋದದ್ದರಿಂದ ಎರಡು ತಿಂಗಳು ಹಿಡಿಯಿತು.

*

ಎರಡು ಬ್ಯಾಟರಿಯ ಡಬ್ಬಿಯಲ್ಲಿ ಬಲಗಡೆಯದು ಯಾವಾಗಲೂ ಮೊದಲು ಸಾಯುತ್ತದೆ. ಒಂದೇ ಪೊಟ್ಟಣದ್ದು, ಒಂದೇ ದಿನ ತಂದದ್ದು. ಮೀಟರಿನಲ್ಲಿ ಎಡ 8.2, ಬಲ 7.1. ಬ್ಯಾಟರಿಯನ್ನೇ ಅನುಮಾನಿಸಿದೆ. ಹೊಸ ಜೋಡಿ ಹಾಕಿದೆ, ಮತ್ತೆ ಬಲಗಡೆ. ಎಡದ್ದನ್ನು ಬಲಕ್ಕೆ ಹಾಕಿದೆ. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಅದೇ ಬ್ಯಾಟರಿ ಈಗ ಕುಸಿಯತೊಡಗಿತು. ದೋಷ ಬ್ಯಾಟರಿಯದಲ್ಲ, ಜಾಗದ್ದು.

ಇದು ಬರೀ ದುಡ್ಡಿನ ಮಾತಲ್ಲ. ಒಂದು ಕಡೆ ಪೂರ್ತಿ ಸತ್ತು ಇನ್ನೊಂದು ಕಡೆ ಬದುಕಿದ್ದರೆ ಹೆಡ್‌ಫೋನಿನ ಸುರುಳಿಯ ಮೂಲಕ ನೇರ ಕರೆಂಟು ಹರಿದು ಅದನ್ನು ಸುಡಬಹುದು. 2011ರಲ್ಲಿ ಎನ್‌ಡಬ್ಲ್ಯುಎವಿಗೈ ಎಂಬ ಗುಪ್ತನಾಮದ ಎಂಜಿನಿಯರ್ ಒಬ್ಬರು ಪ್ರಕಟಿಸಿದ ಆಬ್ಜೆಕ್ಟಿವ್2 ವಿನ್ಯಾಸದಲ್ಲಿ ಬ್ಯಾಟರಿ ಸೊರಗುತ್ತಲೇ ಎರಡನ್ನೂ ಒಟ್ಟಿಗೆ ಕಡಿದುಹಾಕುವ ಏರ್ಪಾಡಿದೆ. ಹಾಡಿಗೆ ಸಂಬಂಧವೇ ಇಲ್ಲದ ಅಷ್ಟೊಂದು ಬಿಡಿಭಾಗ ಏಕೆ ಎಂದು ಆ ನಕ್ಷೆ ನೋಡಿದಾಗ ಕೇಳಿಕೊಂಡಿದ್ದೆ. ಈಗ ಆ ಮನುಷ್ಯನ ಮೇಲೆ ಗೌರವ ಹೆಚ್ಚಿದೆ.

*

ಯುಎಸ್‌ಬಿ ತೂತಿರುವ ಲಿಥಿಯಂ 9 ವೋಲ್ಟ್ ತರಿಸಿದೆ. ಅಳೆದರೆ ನೇರ 9.0. ಒಂದು ಗಂಟೆಗೂ 9.0, ಐದು ಗಂಟೆಗೂ 9.0. ಕೊನೆಗೂ ಒಂಬತ್ತು ಎಂದರೆ ಒಂಬತ್ತೇ ಆದದ್ದು ಸಿಕ್ಕಿತು ಎಂದುಕೊಂಡು ಕಿವಿಗೆ ಹಾಕಿದರೆ ಹಾಡಿನ ಹಿಂದೆ ದೂರದ ಸೊಳ್ಳೆಯಂಥ ಸಿಳ್ಳು. ಲಿಥಿಯಂ-ಅಯಾನ್ ಸೆಲ್ಲಿನದು ಸರಾಸರಿ 3.7 ವೋಲ್ಟ್, ತುಂಬಿದಾಗ 4.2. ಅದನ್ನು ಒಂಬತ್ತಕ್ಕೆ ಎತ್ತಲು ಒಳಗೊಂದು ಪುಟ್ಟ ಸರ್ಕೀಟು ಎಡೆಬಿಡದೆ ಕರೆಂಟನ್ನು ಕಡಿದು ಕಡಿದು ತಳ್ಳುತ್ತಿರುತ್ತದೆ. ಆ ತಳ್ಳಾಟದ ಸದ್ದು ಅದು. ಮಲ್ಟಿಮೀಟರಿಗೆ ಇದರಿಂದ ತೊಂದರೆಯಿಲ್ಲ. ಆಲಾಪದ ನಡುವಿನ ಮೌನಕ್ಕೆ ತೊಂದರೆಯಿದೆ. ಗೋಡೆಯ ಕರೆಂಟಿನ 50 ಹರ್ಟ್ಸ್ ಗುಂಯ್‌ಗಾನ ಬೇಡವೆಂದೇ ಬ್ಯಾಟರಿಗೆ ಬಂದವನು ನಾನು.

*

ಲ್ಯಾಪ್‌ಟಾಪುಗಳ ಒಳಗಿರುತ್ತಿದ್ದ 18650 ಸೆಲ್ಲು: 18 ಮಿಲಿಮೀಟರ್ ದಪ್ಪ, 65 ಉದ್ದ. ಎರಡನ್ನು ಸೇರಿಸಿದರೆ 7.4 ವೋಲ್ಟ್, ಸಿಳ್ಳಿಲ್ಲ, ವಾರಗಟ್ಟಲೆ ಹಾಡುತ್ತದೆ. ಆದರೆ ಒಂದು ಅಂಗಡಿಯಲ್ಲಿ ಕೊಂಡದ್ದರ ಮೇಲೆ 9900 ಎಂಎಎಚ್ ಎಂದಿತ್ತು. ಒಳ್ಳೆಯ 18650ಗಳೇ 3500ರ ಹತ್ತಿರ ನಿಲ್ಲುತ್ತವೆ. ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ: 31 ಗ್ರಾಂ. ಸಾಚಾ ಸೆಲ್ಲು ಸಾಮಾನ್ಯವಾಗಿ 45ರ ಆಸುಪಾಸಿನಲ್ಲಿರುತ್ತದೆ. ಕೂಡಲೇ ಹೊರಗಿಟ್ಟೆ. ರಕ್ಷಣಾ ಸರ್ಕೀಟಿಲ್ಲದ ಲಿಥಿಯಮ್ಮನ್ನು ತಗಡಿನ ಡಬ್ಬಿಯಲ್ಲಿಟ್ಟು ಜೇಬಿಗೆ ಹಾಕಿಕೊಳ್ಳುವ ಧೈರ್ಯ ನನಗಿಲ್ಲ, ಯಾರಿಗೂ ಹೇಳುವುದೂ ಇಲ್ಲ.

*

ಮಳೆಗಾಲದಲ್ಲಿ ಮರೆತಿಟ್ಟ ಡಬ್ಬಿಯೊಳಗೆ ಆಲ್ಕಲೈನ್ ಸೋರಿ ಬಿಳಿ ಪುಡಿ ಕಟ್ಟಿತ್ತು. ಅದು ಕ್ಷಾರ. ಹಳೆಯ ಹಲ್ಲುಜ್ಜುವ ಬ್ರಶ್ಶಿಗೆ ನಿಂಬೆರಸ ಹಚ್ಚಿ ಉಜ್ಜಿದರೆ ಸಣ್ಣಗೆ ನೊರೆಯೆದ್ದು ಬಿಡುತ್ತದೆ.

*

ಎರಡು ಬ್ಯಾಟರಿಯ ಡಬ್ಬಿಯ ಮೇಲಿನ ಕೆಂಪು ದೀಪ ಕತ್ತಲಲ್ಲಿ ಕಣ್ಣಿಗೆ ಚುಚ್ಚುತ್ತದೆಂದು ನಿನ್ನೆ ರಾತ್ರಿ ಕಪ್ಪು ಟೇಪು ಅಂಟಿಸಿದೆ. ಮಲಗಿದ ಮೇಲೆ ಹೊಳೆಯಿತು. ಮುಚ್ಚಿದರೂ ಅದು ಉರಿಯುತ್ತಲೇ ಇದೆ, ಯಾರ ಕರೆಂಟಿನಲ್ಲಿ? ಎದ್ದು ನಕ್ಷೆ ಬಿಡಿಸಿದೆ. ದೀಪವನ್ನು ನಾನು ಮೇಲಿನ ತುದಿಗೂ ನಡುವಿನ ತಂತಿಗೂ ಸೇರಿಸಿದ್ದೆ. ಅಂದರೆ ಬಲಗಡೆಯ ಬ್ಯಾಟರಿಗೆ ಮಾತ್ರ. ಜೊತೆಗಿದ್ದ ರೆಸಿಸ್ಟರ್ ಒಂದು ಸಾವಿರ ಓಮಿನದು, ಆದ್ದರಿಂದ ದೀಪಕ್ಕೆ 7 ಮಿಲಿಆಂಪಿಯರ್. ಇಡೀ ಚಿಪ್ಪಿಗೆ ಬೇಕಾದದ್ದು 8! ಎಡಗಡೆಯದು 8 ಹೊತ್ತರೆ ಬಲಗಡೆಯದು 15 ಹೊರುತ್ತಿತ್ತು.

ಒಂದು ಸಾವಿರದ್ದನ್ನು ಕಿತ್ತು ಹದಿನೆಂಟು ಸಾವಿರದ್ದನ್ನು ಹಾಕಿದೆ. ದೀಪದ ಕಾಲನ್ನು ನಡುವಿನಿಂದ ಬಿಡಿಸಿ ಕೆಳಗಿನ ತುದಿಗೆ ಬೆಸೆದೆ, ಹೊರೆ ಎರಡಕ್ಕೂ ಸಮವಾಗಲೆಂದು. ಈಗ ದೀಪ ಕೆಂಡದ ಕೊನೆಯಂತೆ ಮಂಕಾಗಿ ಕಾಣುತ್ತದೆ, ಟೇಪಿನ ಅಗತ್ಯವಿಲ್ಲ. ಚಾರ್ಜು ಮಾಡಿದ 8.4ರ ಜೋಡಿ ಹಾಕಿದ್ದೇನೆ. ಇವತ್ತು ಆರು ಗಂಟೆ ಹಾಡಿಸಿ ಅಳೆದೆ. ಎಡ 8.56, ಬಲ 8.55.